ಮೊದಲ ವರ್ಷದ ತಾರೆಗಳು ಮುಂದೇನಾದರು?



ಮೊದಲ ವರ್ಷದ ಪರೀಕ್ಷೆಯಲ್ಲಿ ಎಲ್ಲರನ್ನೂ ಹಿಂದಿಕ್ಕಿದ ಒಬ್ಬರು ನಿಮ್ಮ ತರಗತಿಯಲ್ಲಿ ಇದ್ದೇ ಇರುತ್ತಾರೆ. ಇವರು ಮುಂದೆ ಬಹಳ ದೊಡ್ಡವರಾಗುತ್ತಾರೆ ಎಂದು ಅಧ್ಯಾಪಕರೂ ನೆರೆಹೊರೆಯವರೂ ಭವಿಷ್ಯ ನುಡಿಯುತ್ತಾರೆ. ಇಂಥ ಮಾತು ಎಷ್ಟರ ಮಟ್ಟಿಗೆ ನಿಜವಾಗುತ್ತದೆ? ಉತ್ತರ ಬೇಕಾದರೆ ಹಲವು ದಶಕಗಳ ಕಾಲ ಅನೇಕರ ಸಾಧನೆಯನ್ನು ಅಂಕಿಸಂಖ್ಯೆಗಳಲ್ಲಿ ಬರೆದಿಟ್ಟಿರಬೇಕು. ಅಂಥ ದಾಖಲೆ ಇರುವ ಒಂದು ಕ್ಷೇತ್ರ ಅಮೆರಿಕದ ಬೇಸ್‌ಬಾಲ್.

ಕ್ರಿಕೆಟ್ ಬಲ್ಲವರಿಗೆ ಈ ಆಟ ತೀರ ಹೊಸದೇನಲ್ಲ. ಇಲ್ಲಿ ಚೆಂಡೆಸೆಯುವವನು ಪಿಚರ್. ಚೆಂಡನ್ನು ಹೊಡೆದವನು ಮೂರು ನೆಲೆಗಳನ್ನು ದಾಟಿ, ಹೊರಟ ಜಾಗಕ್ಕೇ ಮರಳಿದರೆ ಒಂದು ರನ್. ಪಂದ್ಯಕ್ಕೆ 9 ಇನ್ನಿಂಗ್ಸ್. ಉನ್ನತ ಲೀಗಿನಲ್ಲಿ ಮೊದಲ ವರ್ಷ ಆಡುವ ಹೊಸಬನಿಗೆ 'ರೂಕಿ' ಎಂದು ಹೆಸರು. 1947ರಿಂದ ಬೇಸ್‌ಬಾಲ್ ವರದಿಗಾರರ ಸಂಘವು ವರ್ಷದ ಶ್ರೇಷ್ಠ ರೂಕಿಯನ್ನು ಆರಿಸುತ್ತ ಬಂದಿದೆ. 1949ರಿಂದ ಎರಡು ಲೀಗುಗಳಿಗೆ ತಲಾ ಒಂದು ಪ್ರಶಸ್ತಿ.

ಮೊದಲ ಪ್ರಶಸ್ತಿ ಪಡೆದವರು ಬ್ರೂಕ್ಲಿನ್ ಡಾಡ್ಜರ್ಸ್ ತಂಡದ ಜಾಕಿ ರಾಬಿನ್‌ಸನ್. ಕರಿಯರಿಗೆ ಉನ್ನತ ಲೀಗಿನ ಬಾಗಿಲು ಹಲವು ದಶಕಗಳಿಂದ ಮುಚ್ಚಿತ್ತು. 1947ರ ಏಪ್ರಿಲ್ 15ರಂದು ಆ ಬಾಗಿಲನ್ನು ತೆರೆದು ಒಳಗೆ ಬಂದಾಗ ಅವರ ವಯಸ್ಸು 28. ಪ್ರೇಕ್ಷಕರ ಮತ್ತು ಎದುರಾಳಿಗಳ ನಿಂದನೆಯನ್ನು ಸಹಿಸಿಕೊಂಡೇ ಅವರು ಆ ವರ್ಷ ಪೂರ್ತಿ ಆಡಿದರು. ಎರಡು ವರ್ಷಗಳ ನಂತರ, 1949ರಲ್ಲಿ, ತಮ್ಮ ಲೀಗಿನ ಅತ್ಯುತ್ತಮ ಆಟಗಾರರೆನಿಸಿದರು. ರೂಕಿ ಪ್ರಶಸ್ತಿಗೆ 1987ರಲ್ಲಿ ಅವರ ಹೆಸರನ್ನೇ ಇಡಲಾಯಿತು. ಮೊದಲ ವರ್ಷದ ಭರವಸೆ ಇಲ್ಲಿ ಪೂರ್ಣವಾಗಿ ಫಲಿಸಿತು.

1951ರ ರೂಕಿ ವಿಲ್ಲಿ ಮೇಸ್ ಅವರ ಆರಂಭವನ್ನು ನೋಡಿದ್ದರೆ ಯಾರೂ ಅಂಥ ಭರವಸೆ ಇಡುತ್ತಿರಲಿಲ್ಲ. ನ್ಯೂಯಾರ್ಕ್ ಜೈಂಟ್ಸ್ ತಂಡ ಸೇರಿದ 20 ವರ್ಷದ ಈ ಹುಡುಗನಿಗೆ ಮೊದಲ 26 ಪ್ರಯತ್ನಗಳಲ್ಲಿ ದಕ್ಕಿದ್ದು ಒಂದೇ ಹೊಡೆತ. ತನ್ನಿಂದ ಆಗದು ಎಂದು ಅವರು ಅತ್ತದ್ದೂ ಉಂಟು. ತಂಡದ ಮ್ಯಾನೇಜರ್ ಲಿಯೋ ಡ್ಯುರೋಷರ್ ಮಾತ್ರ ಅವರನ್ನು ಕೈಬಿಡದೆ ಆಡಿಸುತ್ತಲೇ ಹೋದರು. ವರ್ಷದ ಕೊನೆಗೆ ರೂಕಿ ಪ್ರಶಸ್ತಿ ಮೇಸ್ ಅವರದಾಯಿತು. 1973ರಲ್ಲಿ ಆಟ ನಿಲ್ಲಿಸುವ ಹೊತ್ತಿಗೆ ಅವರ ಹೋಮ್ ರನ್‌ಗಳ ಸಂಖ್ಯೆ 660. 2024ರಲ್ಲಿ ತೀರಿಕೊಂಡ ಅವರನ್ನು ಬೇಸ್‌ಬಾಲ್ ಇತಿಹಾಸದ ಅಗ್ರಗಣ್ಯರಲ್ಲಿ ಎಣಿಸುತ್ತಾರೆ.

ಈಗ ಇನ್ನೊಂದು ಬಗೆಯ ಕಥೆಯನ್ನು ಕೇಳಿ. 1976ರಲ್ಲಿ ಡೆಟ್ರಾಯಿಟ್ ಟೈಗರ್ಸ್ ತಂಡಕ್ಕೆ ಮಾರ್ಕ್ ಫಿಡ್ರಿಚ್ ಎಂಬ 21 ವರ್ಷದ ಪಿಚರ್ ಬಂದರು. ಗುಂಗುರು ಕೂದಲು, ನೀಳ ದೇಹ. ಎಸೆಯುವ ಮೊದಲು ಚೆಂಡಿನೊಡನೆ ಮಾತನಾಡುತ್ತಿದ್ದರು, ಮೊಣಕಾಲೂರಿ ಕೈಯಿಂದಲೇ ಮಣ್ಣು ಸಮ ಮಾಡುತ್ತಿದ್ದರು. ಮಕ್ಕಳ ಟೆಲಿವಿಷನ್ ಕಾರ್ಯಕ್ರಮವೊಂದರ ದೊಡ್ಡ ಹಳದಿ ಹಕ್ಕಿಯನ್ನು ಹೋಲುತ್ತಿದ್ದುದರಿಂದ 'ಹಕ್ಕಿ' ಎಂಬ ಅಡ್ಡಹೆಸರು ಬಿತ್ತು. ಜೂನ್ 28ರ ರಾತ್ರಿ ಯಾಂಕೀಸ್ ವಿರುದ್ಧ ಅವರು ಗೆದ್ದ ಪಂದ್ಯ ಟೆಲಿವಿಷನ್‌ನಲ್ಲಿ ದೇಶಕ್ಕೆಲ್ಲ ಪ್ರಸಾರವಾಯಿತು. ಒಂದೇ ಇರುಳಿನಲ್ಲಿ ಅವರು ಮನೆಮಾತಾದರು. ಆ ವರ್ಷ 19 ಗೆಲುವು, 9 ಸೋಲು. 9 ಇನ್ನಿಂಗ್ಸಿಗೆ ಬಿಟ್ಟುಕೊಟ್ಟ ರನ್‌ಗಳ ಸರಾಸರಿ ಕೇವಲ 2.34. ರೂಕಿ ಪ್ರಶಸ್ತಿ ಸಹಜವಾಗಿಯೇ ಬಂತು.

ಆದರೆ ಅದೇ ವರ್ಷದ ಇನ್ನೊಂದು ಅಂಕಿಯನ್ನು ಗಮನಿಸಿ. ತಾವು ಆರಂಭಿಸಿದ 29 ಪಂದ್ಯಗಳಲ್ಲಿ 24ನ್ನು ಅವರೊಬ್ಬರೇ ಕೊನೆಯವರೆಗೆ ಎಸೆದು ಮುಗಿಸಿದ್ದರು. 1977ರ ಆರಂಭದಲ್ಲಿ ಮೊಣಕಾಲಿಗೆ ಪೆಟ್ಟಾಯಿತು. ಚೇತರಿಸಿಕೊಂಡು ಬಂದ ಕೆಲವೇ ವಾರಗಳಲ್ಲಿ ತೋಳು ಸೋತಿತು. ಭುಜದ ಸ್ನಾಯು ಹರಿದಿರುವುದು ಪತ್ತೆಯಾದದ್ದು 1985ರಲ್ಲಿ! ಅಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಉನ್ನತ ಲೀಗಿನಲ್ಲಿ ಅವರ ಒಟ್ಟು ಗೆಲುವು 29. ಅದರಲ್ಲಿ 19 ಮೊದಲ ವರ್ಷದ್ದೇ. ಅವರು ಹುಟ್ಟೂರಿನ ಕಡೆಗೆ ಮರಳಿ, ಹೊಲ ನೋಡಿಕೊಂಡು, ಲಾರಿ ಓಡಿಸಿಕೊಂಡು ಬದುಕಿದರು. 2009ರಲ್ಲಿ ತಮ್ಮ ಲಾರಿಯನ್ನು ದುರಸ್ತಿ ಮಾಡುವಾಗ ನಡೆದ ಅಪಘಾತದಲ್ಲಿ ತೀರಿಕೊಂಡರು.

1980ರ ರೂಕಿ, ಕ್ಲೀವ್‌ಲ್ಯಾಂಡಿನ ಜೋ ಶಾರ್ಬೊನೊ ಅವರದೂ ಇಂಥದೇ ಕಥೆ. ಮೊದಲ ವರ್ಷ 23 ಹೋಮ್ ರನ್, ಮರುವರ್ಷ ಬೆನ್ನುನೋವು. ಮೂರು ವರ್ಷಗಳಲ್ಲಿ ಒಟ್ಟು 201 ಪಂದ್ಯಗಳಿಗೆ ಅವರ ಆಟ ಮುಗಿಯಿತು. ಆದರೆ 1981ರಲ್ಲಿ ಮೆಕ್ಸಿಕೋದ ಹಳ್ಳಿಯೊಂದರಿಂದ ಬಂದಿದ್ದ ಲಾಸ್ ಏಂಜಲೀಸ್ ಡಾಡ್ಜರ್ಸ್‌ನ 20 ವರ್ಷದ ಫರ್ನಾಂಡೊ ವ್ಯಾಲೆನ್ಸುವೆಲಾ ಮೊದಲ ಎಂಟೂ ಪಂದ್ಯಗಳನ್ನು ಗೆದ್ದು, ಅದೇ ವರ್ಷ ರೂಕಿ ಪ್ರಶಸ್ತಿಯನ್ನೂ ಶ್ರೇಷ್ಠ ಪಿಚರ್‌ಗೆ ಸಲ್ಲುವ ಸೈ ಯಂಗ್ ಪ್ರಶಸ್ತಿಯನ್ನೂ ಪಡೆದರು. 1988ರಲ್ಲಿ ಇವರ ಭುಜವೂ ಕೈಕೊಟ್ಟಿತು. ಆದರೂ 1990ರಲ್ಲಿ ಎದುರಾಳಿಗೆ ಒಂದು ಹೊಡೆತವನ್ನೂ ಕೊಡದ ಪಂದ್ಯವೊಂದನ್ನು ಎಸೆದರು. 1997ರವರೆಗೆ ಆಡಿ 173 ಪಂದ್ಯಗಳನ್ನು ಗೆದ್ದರು.

ಇಷ್ಟು ವ್ಯತ್ಯಾಸ ಏಕೆ? ಉತ್ತರದ ಒಂದು ಭಾಗ ಗಣಿತದಲ್ಲಿದೆ. ಅಮೆರಿಕದಲ್ಲಿ 'ಎರಡನೆಯ ವರ್ಷದ ಕುಸಿತ' ಎಂಬ ಮಾತೇ ಬಳಕೆಯಲ್ಲಿದೆ. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ಅರ್ಥಮಾಡಿಕೊಳ್ಳಲು ನೆರವಾಗುತ್ತದೆ. ತೀರ ಎತ್ತರದ ತಂದೆತಾಯಿಗಳ ಮಕ್ಕಳು ಎತ್ತರವಾಗಿದ್ದರೂ ಸರಾಸರಿಯ ಕಡೆಗೆ ಸ್ವಲ್ಪ ವಾಲುತ್ತಾರೆಂದು ಅವರು ಕಂಡುಕೊಂಡರು. ಯಾವುದೇ ಸಾಧನೆಯಲ್ಲಿ ಸಾಮರ್ಥ್ಯದ ಜೊತೆಗೆ ಅದೃಷ್ಟದ ಪಾಲೂ ಇರುತ್ತದೆ. ವರ್ಷದ ಅತ್ಯುತ್ತಮನನ್ನು ಆರಿಸುವಾಗ, ಎರಡೂ ಕೂಡಿಬಂದವನೇ ಹೆಚ್ಚಾಗಿ ಆಯ್ಕೆಯಾಗುತ್ತಾನೆ. ಮರುವರ್ಷ ಸಾಮರ್ಥ್ಯ ಅಷ್ಟೇ ಇದ್ದರೂ ಅದೃಷ್ಟ ಎಂದಿನ ಮಟ್ಟಕ್ಕೆ ಬರುತ್ತದೆ. ನಾವು ಅದನ್ನು ಪತನ ಎನ್ನುತ್ತೇವೆ.

ಇನ್ನೊಂದು ಭಾಗ ದೇಹಕ್ಕೆ ಸಂಬಂಧಿಸಿದ್ದು. ಫಿಡ್ರಿಚ್ ಅವರ ಹರಿದ ಸ್ನಾಯುವನ್ನು ಯಾವ ಸರಾಸರಿಯೂ ವಿವರಿಸದು. ಇಂದು ಪಿಚರ್ ಎಸೆಯುವ ಪ್ರತಿ ಚೆಂಡನ್ನೂ ತಂಡದವರು ಲೆಕ್ಕ ಇಡುತ್ತಾರೆ. ಎಳೆಯ ತೋಳಿಗೆ ಮಿತಿ ಹಾಕುತ್ತಾರೆ. ಅಂದು ಆ ಎಚ್ಚರ ಕಡಿಮೆ. ಟೆಲಿವಿಷನ್ ಕೆಲಸದಲ್ಲಿರುವ ನನ್ನಂಥವರು ಇಲ್ಲಿ ತುಸು ಯೋಚಿಸಬೇಕು. ನಮ್ಮ ಕ್ಯಾಮೆರಾಕ್ಕೆ ಇಂದಿನ ತಾರೆ ಇಂದೇ ಬೇಕು. ಆ ತಾರೆಯ ಭುಜ ಮಾತ್ರ ಹತ್ತಾರು ವರ್ಷ ಬಾಳಬೇಕು. ಚಪ್ಪಾಳೆ ತಟ್ಟುವವರಿಗೂ ಕೆಲಸ ವಹಿಸುವವರಿಗೂ ಇದು ನೆನಪಿರಬೇಕು.

ನೀವೇ ಒಂದು ಪ್ರಯೋಗ ಮಾಡಿ ನೋಡಿ. ನಿಮ್ಮ ತರಗತಿಯ ಮೊದಲ ಕಿರುಪರೀಕ್ಷೆಯಲ್ಲಿ ಅತಿ ಹೆಚ್ಚು ಅಂಕ ಪಡೆದ ಐವರನ್ನೂ ಅತಿ ಕಡಿಮೆ ಪಡೆದ ಐವರನ್ನೂ ಹೆಸರಿಲ್ಲದೆ ಗುರುತು ಮಾಡಿಕೊಳ್ಳಿ. ಎರಡನೆಯ ಪರೀಕ್ಷೆಯ ನಂತರ ಎರಡೂ ಗುಂಪುಗಳ ಸರಾಸರಿ ತೆಗೆಯಿರಿ. ಮೇಲಿನ ಗುಂಪು ಸಾಮಾನ್ಯವಾಗಿ ತುಸು ಇಳಿದಿರುತ್ತದೆ, ಕೆಳಗಿನ ಗುಂಪು ತುಸು ಏರಿರುತ್ತದೆ. ಆಮೇಲೆ ಮೊದಲ ಪರೀಕ್ಷೆಯಲ್ಲಿ ಎಡವಿದ ಗೆಳೆಯರಿಗೆ 26 ಪ್ರಯತ್ನಗಳಲ್ಲಿ ಒಂದೇ ಹೊಡೆತ ಕಂಡ ವಿಲ್ಲಿ ಮೇಸ್ ಅವರ ಕಥೆ ಹೇಳಿ. ಮೊದಲ ಸ್ಥಾನ ಬಂದವರಿಗೆ ಫಿಡ್ರಿಚ್ ಅವರ ಕಥೆ ಹೇಳಿ, ನಿದ್ದೆಗೆಟ್ಟು ಓದುವುದನ್ನು ಬಿಡಿಸಿ.