ಒಂದು ಪ್ರತಿ ಸಾಕು

ವಿಜಯದಶಮಿಯ ರಾತ್ರಿ ದಸರಾದ ದಶಮಂಟಪಗಳು ಮೆರವಣಿಗೆ ಹೊರಟವೆಂದರೆ ಮಡಿಕೇರಿ ಬೆಳಗಿನವರೆಗೂ ಮಲಗುವುದಿಲ್ಲ. ಬೀದಿಗಿಳಿಯಲಾಗದ ಹಿರಿಯರು, ಬಾಣಂತಿಯರು ಮನೆಯಲ್ಲೇ ಕೂತು ಸ್ಥಳೀಯ ಚಾನೆಲ್ ಹಾಕುತ್ತಾರೆ. ಕೇಬಲ್ ಕೆಲಸದಲ್ಲೇ ತಲೆ ನರೆತ ನನಗೆ ವರ್ಷದ ಪರೀಕ್ಷೆ ಆ ರಾತ್ರಿಯೇ.

1991ರಲ್ಲಿ ಏಷ್ಯಾಸ್ಯಾಟ್-1 ಉಪಗ್ರಹದಿಂದ ಸ್ಟಾರ್ ಟಿವಿ, 1994ರಲ್ಲಿ ಉದಯ ಟಿವಿ ಬಂದವು. ದೊಡ್ಡ ಡಿಶ್ ಹಿಡಿದದ್ದನ್ನು ಕಂಬದಿಂದ ಕಂಬಕ್ಕೆ, ಕಂಬ ಇಲ್ಲದಲ್ಲಿ ಸಿಲ್ವರ್ ಓಕ್ ಮರದಿಂದ ಮರಕ್ಕೆ ಕಪ್ಪು ಕೇಬಲ್ ಎಳೆದು ಮನೆ ಮುಟ್ಟಿಸುತ್ತಿದ್ದೆವು. ಗಾಳಿಗೆ ಕೊಂಬೆ ಬಿದ್ದರೆ ಇಡೀ ಓಣಿ ಕತ್ತಲು, ಕರೆಂಟು ಹೋದರೆ ಆಂಪ್ಲಿಫೈಯರ್ ಸಾಯುತ್ತಿತ್ತು. ಆದರೂ ಆ ಕೇಬಲ್ಲಿಗೆ ಒಂದು ದೊಡ್ಡ ಗುಣವಿತ್ತು: ಹತ್ತು ಮನೆ ನೋಡಲಿ, ಸಾವಿರ ಮನೆ ನೋಡಲಿ, ಕಂಟ್ರೋಲ್ ರೂಮಿನಿಂದ ಹೊರಡುವ ಸಿಗ್ನಲ್ ಒಂದೇ.

ಫೈಬರ್ ಬಂದ ಮೇಲೆ ಲೆಕ್ಕ ತಲೆಕೆಳಗಾಯಿತು. ಇಂಟರ್ನೆಟ್ಟಿನ ರೀತಿಯಲ್ಲಿ ಟಿವಿ ಕಳಿಸಿದರೆ ಕೇಳಿದವರಿಗೆಲ್ಲ ಬೇರೆ ಬೇರೆ ಪ್ರತಿ ಹೋಗುತ್ತದೆ. ಚಾನೆಲ್ಲಿಗೆ 4 ಮೆಗಾಬಿಟ್ ಎಂದರೂ ದಸರಾ ರಾತ್ರಿ 500 ಮನೆಗೆ 2 ಗಿಗಾಬಿಟ್ ಬೇಕು. 1 ಗಿಗಾಬಿಟ್ ಲಿಂಕ್ ಇಟ್ಟುಕೊಂಡ ಸಣ್ಣ ಆಪರೇಟರ್ ಎಲ್ಲಿಂದ ತರಬೇಕು?

ಇದಕ್ಕೆ ಮದ್ದು ನಮ್ಮೂರಿಗೆ ಕೇಬಲ್ ಬರುವ ಮೊದಲೇ ತಯಾರಾಗಿತ್ತು. 1989ರಲ್ಲಿ ಕಂಪ್ಯೂಟರ್ ತಜ್ಞ ಸ್ಟೀವ್ ಡೀರಿಂಗ್ ಮಲ್ಟಿಕಾಸ್ಟ್‌ನ ನಿಯಮ ಬರೆದಿದ್ದರು: ಸೆಟ್‌ಟಾಪ್ ಬಾಕ್ಸ್ ಐಜಿಎಂಪಿ ಎಂಬ ಸಂದೇಶದ ಮೂಲಕ 'ಈ ಚಾನೆಲ್ ಬೇಕು' ಎಂದರೆ ಸಾಕು, ದಾರಿಯುದ್ದಕ್ಕೂ ಒಂದೇ ಪ್ರತಿ ಹರಿದು, ಕವಲು ಒಡೆಯುವಲ್ಲಿ ಮಾತ್ರ ನಕಲಾಗುತ್ತದೆ. ಆದರೆ ಒಬ್ಬರ ಡೇಟಾ ಪಕ್ಕದ ಮನೆಗೆ ಕಾಣಬಾರದೆಂದು ಗಿರಾಕಿಗಳನ್ನು ಬೇರೆ ಬೇರೆ ಒಳಜಾಲಗಳಲ್ಲಿ, ಅಂದರೆ ವಿಲ್ಯಾನ್‌ಗಳಲ್ಲಿ ಇಟ್ಟಿರುತ್ತೇವೆ. ಆಗ ರೂಟರ್ ಒಂದೊಂದು ವಿಲ್ಯಾನಿಗೂ ಒಂದೊಂದು ಪ್ರತಿ ತೆಗೆಯುತ್ತದೆ, ಉಳಿತಾಯವೆಲ್ಲ ಅಲ್ಲೇ ಸೋರಿಹೋಗುತ್ತದೆ. ಅದಕ್ಕಾಗಿಯೇ ಮಲ್ಟಿಕಾಸ್ಟ್ ವಿಲ್ಯಾನ್. ಟಿವಿ ಚಾನೆಲ್‌ಗಳಿಗೆಲ್ಲ ಒಂದೇ ಪ್ರತ್ಯೇಕ ವಿಲ್ಯಾನ್ ಮಾಡಿ, ಎಲ್ಲ ಗಿರಾಕಿಗಳ ಪೋರ್ಟುಗಳನ್ನೂ ಅದರಿಂದ ಪಡೆಯುವವರನ್ನಾಗಿ ಸೇರಿಸುವುದು. ಅವರ ಇಂಟರ್ನೆಟ್ ಮಾತ್ರ ಅವರವರ ವಿಲ್ಯಾನಿನಲ್ಲೇ ಉಳಿಯುತ್ತದೆ. ಆ 500 ಮನೆಗೂ ಮೇಲಿನ ಲಿಂಕಿನಲ್ಲಿ ಅದೇ 4 ಮೆಗಾಬಿಟ್.

ಜಿಪಾನ್ ಫೈಬರಿನಲ್ಲಿ ಇದು ಇನ್ನೂ ಚೆನ್ನ. ಅಲ್ಲಿ ಕರೆಂಟು ಬೇಡದ ಗಾಜಿನ ಸ್ಪ್ಲಿಟರ್ ಒಂದೇ ಬೆಳಕನ್ನು 32 ಅಥವಾ 64 ಮನೆಗೆ ಹಂಚುತ್ತದೆ. ಹಳೆಯ ಕೇಬಲ್ಲಿನ ಗುಣ ಅಲ್ಲಿ ಮತ್ತೆ ಸಿಕ್ಕಿತೆಂದು ನನಗೆ ನಿಜವಾದ ಸಂತೋಷ.

ಹೊಸ ಹುಡುಗರಿಗೆ ಒಂದು ಮಾತು ಮತ್ತೆ ಮತ್ತೆ ಹೇಳುತ್ತೇನೆ: ಜಾಲದಲ್ಲಿ ಐಜಿಎಂಪಿ ಕ್ವೆರಿಯರ್ ಇದೆಯೇ ನೋಡಿ. 'ಇನ್ನೂ ನೋಡುತ್ತಿದ್ದೀರಾ' ಎಂದು ಆಗಾಗ ಕೇಳುವವರೇ ಇಲ್ಲದಿದ್ದರೆ ಸುಮಾರು ನಾಲ್ಕು ನಿಮಿಷದಲ್ಲಿ ಸ್ವಿಚ್ ತನ್ನ ಪಟ್ಟಿಯಿಂದ ಮನೆಯನ್ನು ಕಿತ್ತುಹಾಕುತ್ತದೆ, ಚಿತ್ರ ನಿಲ್ಲುತ್ತದೆ. ಇದನ್ನೆಲ್ಲ ಮಂಟಪ ಹೊರಡುವ ದಿನವಲ್ಲ, ನವರಾತ್ರಿಗೂ ಮುಂಚೆ ಮಾಡಿ ಮುಗಿಸಬೇಕು. ಒಂದೇ ಪ್ರತಿಯ ಈ ಅನುಕೂಲ ನಮ್ಮದೇ ಜಾಲದೊಳಗೆ ಮಾತ್ರ; ದುಬೈಯಲ್ಲಿ ಕೂತು ಯೂಟ್ಯೂಬಿನಲ್ಲಿ ಮಂಟಪ ನೋಡುವ ಮಕ್ಕಳಿಗೆ ಈಗಲೂ ಬೇರೆ ಬೇರೆ ಪ್ರತಿಯೇ ಹೋಗುತ್ತದೆ.