ತಂತಿಯ ಎರಡು ತುದಿಗಳು: ಸ್ಕಜಿ ಜೋಡಣೆಯ ಇತಿಹಾಸ



ಇಂದು ಪೆನ್ ಡ್ರೈವ್ ಒಂದನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಸಾಕು, ಅದರೊಳಗಿನ ಕಡತಗಳು ಕ್ಷಣಮಾತ್ರದಲ್ಲಿ ಪರದೆಯ ಮೇಲೆ ಕಾಣುತ್ತವೆ. ಆದರೆ 1980 ಮತ್ತು 90ರ ದಶಕಗಳಲ್ಲಿ ಹಾರ್ಡ್ ಡಿಸ್ಕ್, ಟೇಪ್ ಡ್ರೈವ್, ಸ್ಕ್ಯಾನರ್‌ಗಳನ್ನು ಕಂಪ್ಯೂಟರಿಗೆ ಜೋಡಿಸುವುದೇ ಒಂದು ವಿದ್ಯೆಯಾಗಿತ್ತು. ತಂತಿಯ ತುದಿಯಲ್ಲಿರಬೇಕಾದ ಒಂದು ಪುಟ್ಟ ಬಿಡಿಭಾಗ ಇಲ್ಲದಿದ್ದರೆ ವರ್ಷಗಟ್ಟಲೆ ಕೂಡಿಸಿಟ್ಟ ಮಾಹಿತಿಯೇ ಕೆಟ್ಟುಹೋಗುವ ಸಂಭವವಿತ್ತು. ಆ ವಿದ್ಯೆಯ ಕಥೆಯನ್ನು ತಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಹುಟ್ಟು

ಮೊದಮೊದಲು ಒಂದೊಂದು ಬಗೆಯ ಡಿಸ್ಕಿಗೂ ಒಂದೊಂದು ರೀತಿಯ ಜೋಡಣೆ ಬೇಕಾಗುತ್ತಿತ್ತು. ಈ ತೊಡಕನ್ನು ನಿವಾರಿಸಲು ಅಮೆರಿಕದ ಶುಗಾರ್ಟ್ ಅಸೋಸಿಯೇಟ್ಸ್ ಕಂಪನಿಯಲ್ಲಿ ಲ್ಯಾರಿ ಬೌಚರ್ ಎಂಬ ಎಂಜಿನಿಯರ್ ಹಾಗೂ ಸಂಗಡಿಗರು ಸಾಸಿ ಎಂಬ ಪದ್ಧತಿಯನ್ನು ರೂಪಿಸಿದರು. 1981ರಲ್ಲಿ ಅದರ ವಿವರಗಳು ಬಹಿರಂಗವಾದವು. ಎನ್‌ಸಿಆರ್ ಕಂಪನಿಯೂ ಕೈಜೋಡಿಸಿತು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ಸಮಿತಿಯು ಇದನ್ನು ತಿದ್ದಿ ತೀಡಿ, 1986ರಲ್ಲಿ ಸ್ಮಾಲ್ ಕಂಪ್ಯೂಟರ್ ಸಿಸ್ಟಮ್ ಇಂಟರ್‌ಫೇಸ್ ಎಂಬ ಹೆಸರಿನಲ್ಲಿ ಮಾನಕವಾಗಿ ಅಂಗೀಕರಿಸಿತು. ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಬಳಕೆದಾರರು ಇದನ್ನು 'ಸ್ಕಜಿ' ಎಂದು ಕರೆದರು. ಅದೇ ವರ್ಷ ಆಪಲ್ ಕಂಪನಿಯ ಮ್ಯಾಕಿಂಟಾಷ್ ಪ್ಲಸ್ ಈ ಜೋಡಣೆಯೊಂದಿಗೆ ಮಾರುಕಟ್ಟೆಗೆ ಬಂತು.

ಒಂದೇ ತಂತಿಗೆ ಹಲವು ಸಾಧನಗಳನ್ನು ಸರಪಳಿಯಂತೆ ಪೋಣಿಸಬಹುದೆಂಬುದೇ ಇದರ ಹೆಚ್ಚುಗಾರಿಕೆ. ಮಾಹಿತಿಗಾಗಿ 8 ಎಳೆಗಳಿದ್ದುದರಿಂದ, ಎಳೆಗೊಂದರಂತೆ 0ಯಿಂದ 7ರವರೆಗೆ ಎಂಟು ಸಂಖ್ಯೆಗಳು. ಸಾಮಾನ್ಯವಾಗಿ 7 ಕಂಪ್ಯೂಟರಿನದು, ಉಳಿದ ಏಳು ಇತರ ಸಾಧನಗಳವು. ಇಬ್ಬರು ವಿದ್ಯಾರ್ಥಿಗಳಿಗೆ ಒಂದೇ ಹಾಜರಿ ಸಂಖ್ಯೆ ಕೊಟ್ಟರೆ ಏನಾಗುತ್ತದೆಯೋ, ಎರಡು ಡಿಸ್ಕುಗಳಿಗೆ ಒಂದೇ ಸಂಖ್ಯೆ ಇಟ್ಟರೂ ಅದೇ ಗೊಂದಲ.

ಹಗ್ಗದ ಅಲೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಉದ್ದನೆಯ ಹಗ್ಗದ ಒಂದು ತುದಿಯನ್ನು ಕಿಟಕಿಯ ಸರಳಿಗೆ ಬಿಗಿಯಾಗಿ ಕಟ್ಟಿ, ಇನ್ನೊಂದು ತುದಿಯನ್ನು ಹಿಡಿದು ಒಮ್ಮೆ ಜಾಡಿಸಿ ನೋಡಿರಿ. ಅಲೆಯೊಂದು ಸರಳಿನವರೆಗೆ ಹೋಗಿ ಮತ್ತೆ ನಿಮ್ಮ ಕೈಗೇ ಹಿಂತಿರುಗುತ್ತದೆ. ತಂತಿಯಲ್ಲಿ ಹರಿಯುವ ವಿದ್ಯುತ್ ಸಂಕೇತವೂ ಹೀಗೆಯೇ. ತುದಿಯಲ್ಲಿ ಅದನ್ನು ಹೀರಿಕೊಳ್ಳುವ ಏರ್ಪಾಡು ಇಲ್ಲದಿದ್ದರೆ ಅದು ಮರಳಿ ಬಂದು, ಹಿಂದಿನಿಂದ ಬರುತ್ತಿರುವ ಹೊಸ ಸಂಕೇತದೊಡನೆ ಬೆರೆಯುತ್ತದೆ. ಆಗ ಡಿಸ್ಕು ಒಂದನ್ನು ಸೊನ್ನೆಯೆಂದೋ ಸೊನ್ನೆಯನ್ನು ಒಂದೆಂದೋ ತಪ್ಪಾಗಿ ಓದಬಹುದು.

ಇದನ್ನು ತಡೆಯಲು ಸರಪಳಿಯ ಎರಡು ತುದಿಗಳಲ್ಲೂ ಟರ್ಮಿನೇಟರ್ ಇರಲೇಬೇಕು. ಎರಡೇ ಇರಬೇಕು, ತುದಿಗಳಲ್ಲೇ ಇರಬೇಕು. ಮೊದಲ ಕಾಲದ ಟರ್ಮಿನೇಟರಿನಲ್ಲಿ ಪ್ರತಿ ಸಂಕೇತದ ಎಳೆಗೂ 220 ಮತ್ತು 330 ಓಮ್‌ನ ಎರಡು ರೋಧಕಗಳಿದ್ದವು. ಅನೇಕ ಡಿಸ್ಕುಗಳಲ್ಲಿ ಇವನ್ನು ಕಾರ್ಖಾನೆಯಲ್ಲೇ ಕೂರಿಸಿರುತ್ತಿದ್ದರು. ಅಂತಹ ಡಿಸ್ಕನ್ನು ಸರಪಳಿಯ ನಡುವೆ ಸೇರಿಸುವಾಗ ಅವುಗಳನ್ನು ತೆಗೆಯಲು ಮರೆತರೆ ಟರ್ಮಿನೇಟರುಗಳು ಮೂರಾಗಿ ಸಂಕೇತ ದುರ್ಬಲವಾಗುತ್ತಿತ್ತು.

ಈ ದೋಷದ ಅಪಾಯವಿರುವುದು ಅದರ ಕಳ್ಳತನದಲ್ಲಿ. ಇಂದು ಚೆನ್ನಾಗಿ ನಡೆದ ಯಂತ್ರ ನಾಳೆ ಮುಷ್ಕರ ಹೂಡುತ್ತದೆ, ನಾಡಿದ್ದು ಮತ್ತೆ ಸರಿಯಾಗುತ್ತದೆ. ತಪ್ಪನ್ನು ಪತ್ತೆಹಚ್ಚುವ ಪ್ಯಾರಿಟಿ ಪರೀಕ್ಷೆಯೂ ಮೊದಲ ಮಾನಕದಲ್ಲಿ ಕಡ್ಡಾಯವಾಗಿರಲಿಲ್ಲ. ಹೀಗಾಗಿ ತಪ್ಪು ಮಾಹಿತಿ ಸದ್ದಿಲ್ಲದೆ ಡಿಸ್ಕಿನಲ್ಲಿ ಅಚ್ಚಾಗಬಹುದಿತ್ತು. ದೋಷ ತಂತಿಯದಾದರೂ ಅಪವಾದ ಡಿಸ್ಕಿಗೆ!

ವೇಗ ಹೆಚ್ಚಿದಂತೆ

ಮೊದಲ ಸ್ಕಜಿಯ ವೇಗ ಸೆಕೆಂಡಿಗೆ 5 ಮೆಗಾಬೈಟ್, ತಂತಿಯ ಮಿತಿ 6 ಮೀಟರ್. ವೇಗ 10ಕ್ಕೆ ಏರಿದಾಗ ಮಿತಿ 3 ಮೀಟರಿಗೆ ಇಳಿಯಿತು. 20ಕ್ಕೆ ಏರಿದಾಗ, ಹೆಚ್ಚು ಸಾಧನಗಳಿದ್ದರೆ ಒಂದೂವರೆ ಮೀಟರ್ ಮಾತ್ರ. ಈ ಅಳತೆ ಇಡೀ ಸರಪಳಿಯದು. ಪೆಟ್ಟಿಗೆಯ ಒಳಗಿನ ತಂತಿಯೂ ಲೆಕ್ಕಕ್ಕೆ ಸೇರುತ್ತದೆ ಎಂಬುದನ್ನು ಹಲವರು ಮರೆಯುತ್ತಿದ್ದರು. ನಡುವೆ ಕವಲು ತೆಗೆಯುವುದೂ ನಿಷಿದ್ಧ. ಮುಖ್ಯ ತಂತಿಯಿಂದ ಸಾಧನದೊಳಕ್ಕೆ ಹೋಗುವ ಕೊಂಡಿ 10 ಸೆಂಟಿಮೀಟರ್ ದಾಟಬಾರದೆಂಬ ನಿಯಮವಿತ್ತು.

1994ರ ಎರಡನೆಯ ಮಾನಕದ ಕಾಲಕ್ಕೆ ಸಕ್ರಿಯ ಟರ್ಮಿನೇಟರ್ ಬಳಕೆಗೆ ಬಂತು. ವಿದ್ಯುತ್ ಒತ್ತಡವನ್ನು ಸ್ಥಿರವಾಗಿಟ್ಟು, 110 ಓಮ್ ರೋಧಕಗಳ ಮೂಲಕ ಅದು ಅಲೆಯನ್ನು ಹೆಚ್ಚು ಸಮರ್ಥವಾಗಿ ತಡೆಯಿತು. ಮುಂದೆ ಒಂದು ಸಂಕೇತಕ್ಕೆ ಎರಡು ಎಳೆಗಳನ್ನು ಜೊತೆಗೂಡಿಸಿ, ಅವುಗಳ ನಡುವಿನ ವ್ಯತ್ಯಾಸವನ್ನಷ್ಟೇ ಓದುವ ಎಲ್‌ವಿಡಿ ಪದ್ಧತಿ ಬಂದು, 80 ಮೆಗಾಬೈಟ್ ವೇಗದಲ್ಲೂ 12 ಮೀಟರ್ ಸಾಧ್ಯವಾಯಿತು. ಆದರೆ ಅಂತಹ ಸರಪಳಿಗೆ ಹಳೆಯ ಪದ್ಧತಿಯ ಒಂದೇ ಒಂದು ಸಾಧನ ಸೇರಿದರೂ ಎಲ್ಲವೂ ಹಳೆಯ ನಡಿಗೆಗೆ ಇಳಿಯಬೇಕು. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಾದರೆ ಗಾಡಿ ಮುಂದೆ ಸಾಗೀತೇ?

ವೇಗ ಸೆಕೆಂಡಿಗೆ 320 ಮೆಗಾಬೈಟ್ ಮುಟ್ಟುವ ಹೊತ್ತಿಗೆ, ಅಕ್ಕಪಕ್ಕದ ಹತ್ತಾರು ಎಳೆಗಳಲ್ಲಿ ಹೊರಟ ಸಂಕೇತಗಳನ್ನು ಒಟ್ಟಿಗೇ ಗುರಿ ಮುಟ್ಟಿಸುವುದು ಬಹಳ ಕಷ್ಟವಾಯಿತು. ಆದ್ದರಿಂದ 2000ದ ದಶಕದಲ್ಲಿ ಸಾಸ್ ಎಂಬ ಸರಣಿ ಪದ್ಧತಿ ಬಂತು. ಅದರಲ್ಲಿ ಪ್ರತಿ ಡಿಸ್ಕಿಗೂ ಪ್ರತ್ಯೇಕ ಸಂಪರ್ಕ, ಟರ್ಮಿನೇಟರ್ ಕೆಲಸ ಚಿಪ್ಪಿನೊಳಗೇ ನಡೆಯುತ್ತದೆ. ಬಳಕೆದಾರನ ತಲೆನೋವು ತಪ್ಪಿತು.

ಹಾಗಾದರೆ ಸ್ಕಜಿ ಅಳಿಯಿತೇ? ಇಲ್ಲ. ಅದರ ದಪ್ಪ ತಂತಿ ಮೂಲೆ ಸೇರಿತು, ಅದರ ಭಾಷೆ ಉಳಿಯಿತು. ನಿಮ್ಮ ಪೆನ್ ಡ್ರೈವ್ ಕಂಪ್ಯೂಟರಿನೊಡನೆ ಮಾತನಾಡುವುದು ಇಂದಿಗೂ ಸ್ಕಜಿ ಆದೇಶಗಳಲ್ಲಿಯೇ.

ಓದುಗ ಮಿತ್ರರೇ, ಯಂತ್ರ ಕೈಕೊಟ್ಟಾಗ ನಾವು ಮೊದಲು ಶಂಕಿಸುವುದು ದುಬಾರಿ ಭಾಗವನ್ನು. ಸ್ಕಜಿಯ ಇತಿಹಾಸ ಹೇಳುವುದೇ ಬೇರೆ: ಮೊದಲು ತಂತಿಯನ್ನು ನೋಡಿ, ಅದರ ಉದ್ದವನ್ನು ಅಳೆಯಿರಿ, ಎರಡೂ ತುದಿಗಳನ್ನು ಪರೀಕ್ಷಿಸಿ. ನಮ್ಮ ಮಕ್ಕಳಿಗೆ ಕಂಪ್ಯೂಟರ್ ಬಳಸುವುದನ್ನು ಕಲಿಸುವಾಗ, ಅದರ ಬೆನ್ನ ಹಿಂದಿನ ತಂತಿಯ ಮಹತ್ವವನ್ನೂ ತಿಳಿಸೋಣ.