ಹಿಂದ್ ನಗರ: ಕೊರಿಯದ ಬಂದಿಗಳೂ ಭಾರತದ ತಾಟಸ್ಥ್ಯವೂ

೧೯೫೦ರ ಜೂನ್ ೨೫ರಂದು ಕೊರಿಯದಲ್ಲಿ ಹೊತ್ತಿದ ಯುದ್ಧವು ಒಂದು ವರ್ಷ ಕಳೆಯುವಷ್ಟರಲ್ಲಿ, ಹೊರಟ ಎಡೆಗೇ ಬಹುಮಟ್ಟಿಗೆ ಹಿಂದಿರುಗಿ ನಿಂತಿತ್ತು. ೧೯೫೧ರ ಜುಲೈ ೧೦ರಂದು ಕೇಸಾಂಗಿನಲ್ಲಿ ಸಂಧಾನ ಮೊದಲಾಯಿತು; ಅದು ಮುಗಿದುದು ಪನ್‌ಮುಂಜಾಮಿನಲ್ಲಿ, ೧೯೫೩ರ ಜುಲೈ ೨೭ರಂದು. ಗಡಿರೇಖೆಯ ವಾದವು ೧೯೫೧ ಮುಗಿಯುವ ಮುನ್ನವೇ ಬಹುಮಟ್ಟಿಗೆ ತೀರಿತ್ತು. ಆ ಬಳಿಕ ಸಂಧಾನವನ್ನು ಕಟ್ಟಿಹಾಕಿದ ಪ್ರಶ್ನೆ ಮುಖ್ಯವಾಗಿ ಒಂದೇ: ಸೆರೆಸಿಕ್ಕ ಸೈನಿಕನು ತನ್ನ ನಾಡಿಗೆ ಮರಳಲೊಲ್ಲೆನೆಂದರೆ ಮಾಡತಕ್ಕದ್ದೇನು?

ಶಾಸನದ ಮಾತು ಸ್ಪಷ್ಟವಾಗಿಯೇ ಇತ್ತು. ೧೯೪೯ರ ಜಿನೀವಾ ಒಪ್ಪಂದದ ೧೧೮ನೆಯ ಕಲಮು, ಕಾಳಗ ನಿಂತೊಡನೆ ಬಂದಿಗಳನ್ನು ತಡವಿಲ್ಲದೆ ಬಿಡುಗಡೆ ಮಾಡಿ ಸ್ವದೇಶಕ್ಕೆ ಕಳುಹಿಸಬೇಕೆಂದು ವಿಧಿಸುತ್ತದೆ. ಎರಡನೆಯ ಮಹಾಯುದ್ಧ ಮುಗಿದ ಮೇಲೂ ವರ್ಷಗಟ್ಟಲೆ ಸೆರೆಯಲ್ಲಿ ಕೊಳೆತ ಸೈನಿಕರ ನೆನಪು ಅದನ್ನು ಬರೆದವರ ಕಣ್ಣೆದುರಿಗಿತ್ತು. ಬಂದಿಗೆ ಆಯ್ಕೆಯ ಹಕ್ಕಿರಲಿ ಎಂಬ ಆಸ್ಟ್ರಿಯದ ಸೂಚನೆಯನ್ನು ಆಗ ತಳ್ಳಿಹಾಕಲಾಗಿತ್ತು. ಮೂರೇ ವರ್ಷಗಳಲ್ಲಿ ಆ ಸೂಚನೆಯೇ ಯುದ್ಧದ ಕಾರಣವಾಗಿ ತಿರುಗಿ ಬಂದಿತು. ಸಂಯುಕ್ತ ರಾಷ್ಟ್ರಗಳ ಸೇನಾಧಿಪತ್ಯವು ೧೯೫೨ರ ಏಪ್ರಿಲಿನಲ್ಲಿ, ತನ್ನ ಕೈಯಲ್ಲಿದ್ದವರ ಪೈಕಿ ಸುಮಾರು ೭೦,೦೦೦ ಜನ ಮಾತ್ರ ಮರಳಲು ಒಪ್ಪಿರುವರೆಂದು ತಿಳಿಸಿದಾಗ ಎದುರು ಪಕ್ಷ ಕೆರಳಿತು. ಬಂದಿಗಳ ಇಚ್ಛೆಯೆಂಬುದಾದರೂ ಎಷ್ಟು ಸ್ವತಂತ್ರವಾಗಿತ್ತು? ಶಿಬಿರಗಳ ಒಳಗೆ ಎರಡೂ ಪಂಗಡದ ನಾಯಕರ ದಂಡನೀತಿ ನಡೆಯುತ್ತಿತ್ತು. ಒಂದೆಡೆ ಮೈಮೇಲೆ ಕಮ್ಯುನಿಸ್ಟ್ ವಿರೋಧಿ ಘೋಷಣೆಗಳ ಹಚ್ಚೆ ಚುಚ್ಚಿದರೆ, ಇನ್ನೊಂದೆಡೆ, ಕೋಜೆ ದ್ವೀಪದಲ್ಲಿ, ಬಂದಿಗಳು ಶಿಬಿರದ ಅಧಿಪತಿಯಾದ ಅಮೆರಿಕದ ಸೇನಾನಿಯನ್ನೇ ೧೯೫೨ರ ಮೇ ತಿಂಗಳಲ್ಲಿ ಸೆರೆಹಿಡಿದರು.

ಈ ಗಂಟನ್ನು ಬಿಡಿಸಲು ಭಾರತದ ಪರವಾಗಿ ಕೃಷ್ಣ ಮೆನನ್ನರು ೧೯೫೨ರ ನವೆಂಬರಿನಲ್ಲಿ ಮಂಡಿಸಿದ ಠರಾವಿನ ಜಾಣ್ಮೆ ಇರುವುದು, ಯಾರ ವಾದ ಸರಿಯೆಂಬುದನ್ನು ಅದು ಹೇಳದೆ ಬಿಟ್ಟುದರಲ್ಲಿ. ಮರಳಿಸುವುದಕ್ಕಾಗಲಿ ಮರಳದಂತೆ ತಡೆಯುವುದಕ್ಕಾಗಲಿ ಬಲಪ್ರಯೋಗ ಕೂಡದು. ಬಂದಿಗಳು ತಟಸ್ಥ ರಾಷ್ಟ್ರಗಳ ಮಂಡಲಿಯೊಂದರ ವಶದಲ್ಲಿರಲಿ. ಮಹಾಸಭೆಯು ಡಿಸೆಂಬರ್ ೩ರಂದು ಇದನ್ನು ೫೪ಕ್ಕೆ ೫ ಮತಗಳಿಂದ ಅಂಗೀಕರಿಸಿತು. ವಿಶಿನ್‌ಸ್ಕಿ ಇದನ್ನು ಖಂಡಿಸಿದರು, ಪೀಕಿಂಗ್ ತಿರಸ್ಕರಿಸಿತು. ಸ್ಟಾಲಿನ್ ೧೯೫೩ರ ಮಾರ್ಚ್ ೫ರಂದು ತೀರಿಕೊಂಡ ಮೇಲೆ ಮಾತಿನ ದಾರಿ ತೆರೆಯಿತು. ಜೂನ್ ೮ರ ಒಪ್ಪಂದದಲ್ಲಿ ಕಂಡದ್ದು ಹೆಚ್ಚುಕಡಮೆ ಭಾರತದ ಠರಾವಿನ ಎಲುಬುಗೂಡೇ. ಆದರೆ ನಡುವಿನ ಆರು ತಿಂಗಳ ಬೆಲೆಯನ್ನು ತೆತ್ತವರು ಸಭೆಯಲ್ಲಿ ಕುಳಿತವರಲ್ಲ. ಮೇ ತಿಂಗಳಲ್ಲಿ ಉತ್ತರ ಕೊರಿಯದ ನೀರಾವರಿ ಕಟ್ಟೆಗಳ ಮೇಲೆಯೂ ಬಾಂಬು ಬಿದ್ದು, ಬತ್ತದ ಗದ್ದೆಗಳು ಕೊಚ್ಚಿಹೋದವು.

ದಕ್ಷಿಣದ ಅಧ್ಯಕ್ಷ ಸಿಂಗ್‌ಮನ್ ರೀ ಈ ಒಪ್ಪಂದವನ್ನು ಮುರಿಯಲೆಂದೇ ಜೂನ್ ೧೮ರಂದು ಸುಮಾರು ೨೭,೦೦೦ ಬಂದಿಗಳನ್ನು ಬಿಟ್ಟುಕೊಟ್ಟರು. ಭಾರತದ ಸೈನಿಕನ ಕಾಲು ತಮ್ಮ ನೆಲವನ್ನು ಸೋಕಕೂಡದೆಂದೂ ಹಟ ಹಿಡಿದರು. ಕಾವಲಿಗೆಂದು ಹೋದ ಭಾರತದ ಪಡೆಯನ್ನು ಅದಕ್ಕಾಗಿ ಇಂಚೋನಿನ ಕಡಲಿನಿಂದ ಹೆಲಿಕಾಪ್ಟರುಗಳಲ್ಲಿ ನಿಸ್ಸೈನ್ಯ ವಲಯಕ್ಕೆ ಸಾಗಿಸಬೇಕಾಯಿತು. ಅಲ್ಲಿ ಎದ್ದ ಡೇರೆಗಳ ಊರಿಗೆ ಹಿಂದ್ ನಗರವೆಂದು ಹೆಸರಾಯಿತು. ಪಡೆಯ ನಾಯಕರು ಮೇಜರ್ ಜನರಲ್ ಥೋರಾಟ್. ಐದು ರಾಷ್ಟ್ರಗಳ ಮಂಡಲಿಯ ಅಧ್ಯಕ್ಷರು ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ, ೧೯೦೬ರಲ್ಲಿ ಮಡಿಕೇರಿಯಲ್ಲಿ ಹುಟ್ಟಿ, ಬರ್ಮಾದ ರಣರಂಗದಲ್ಲಿ ಬ್ರಿಗೇಡನ್ನು ನಡೆಸಿದವರು. ಸ್ವೀಡನ್, ಸ್ವಿಟ್ಜರ್ಲೆಂಡ್ ಒಂದು ಕಡೆ, ಪೋಲೆಂಡ್, ಜೆಕೊಸ್ಲೊವಾಕಿಯ ಇನ್ನೊಂದು ಕಡೆ ನಿಂತಾಗ, ತೀರ್ಪು ಕೊಡಗಿನ ಈ ದಂಡನಾಯಕನ ಮೇಲೆ ಬಂದು ಬೀಳುತ್ತಿತ್ತು.

ಕೈಗೆ ಬಂದವರು ದಕ್ಷಿಣದ ಕಡೆಯಿಂದ ೨೨,೬೦೪, ಉತ್ತರದ ಕಡೆಯಿಂದ ೩೫೯. ಪ್ರತಿಯೊಬ್ಬನಿಗೂ ಅವನ ದೇಶದ ಪ್ರತಿನಿಧಿಗಳು ತೊಂಬತ್ತು ದಿನಗಳ ಅವಧಿಯಲ್ಲಿ ವಿಷಯ ವಿವರಿಸಿ, ಬಳಿಕ ಅವನು ತನ್ನ ದಾರಿ ಹೇಳಬೇಕೆಂಬುದು ನಿಯಮ. ನಡೆದುದೇ ಬೇರೆ. ಬಂದಿಗಳು ಭಾರತೀಯ ಅಧಿಕಾರಿಯೊಬ್ಬನನ್ನು ಆವರಣದೊಳಕ್ಕೆ ಎಳೆದುಕೊಂಡಾಗ ಥೋರಾಟರು ಒಳಹೊಕ್ಕು, ಸಿಗರೇಟು ಹಂಚಿ, ಮಾತಾಡಿ ಬಿಡಿಸಿ ತಂದರು. ಅಕ್ಟೋಬರಿನ ಮೊದಲ ದಿನಗಳ ಗಲಭೆಯಲ್ಲಿ ಮಾತು ಸಾಲದೆ ಕಾವಲುಗಾರರು ಗುಂಡು ಹಾರಿಸಿದರು, ಬಂದಿಗಳು ಸತ್ತರು. ವಿವರಣೆಯ ಡೇರೆಗಳಿಗೆ ಬರಲೊಪ್ಪದವರನ್ನು ಬಲದಿಂದ ಎಳೆತರಬೇಕೆ? ತಂದಿದ್ದರೆ ನೂರಾರು ಹೆಣಗಳು ಬೀಳಬಹುದಾಗಿತ್ತು. ತಿಮ್ಮಯ್ಯನವರು ತರಲಿಲ್ಲ. ಹಾಗಾಗಿ ತೊಂಬತ್ತರಲ್ಲಿ ಹತ್ತೇ ದಿನ ವಿವರಣೆ ನಡೆಯಿತು, ಶಿಬಿರದ ದಾದಾಗಳ ಹಿಡಿತ ಸಡಿಲಲಿಲ್ಲ. ಜೀವ ಉಳಿಸಿದ ಆ ನಿರ್ಧಾರವೇ ಆಯ್ಕೆಯನ್ನು ಅರೆಬರೆ ಮಾಡಿತೆಂಬುದನ್ನು ಒಪ್ಪಲೇಬೇಕು. ಭಾರತವೂ ಸೇರಿದ ಬಹುಮತದ ವರದಿಯು ಶಿಬಿರಗಳೊಳಗಿನ ಈ ಒತ್ತಾಯವನ್ನು ಮುಚ್ಚಿಡಲಿಲ್ಲ. ಸ್ವೀಡನ್, ಸ್ವಿಟ್ಜರ್ಲೆಂಡ್ ಬೇರೆ ವರದಿ ಬರೆದವು. ದೂರು ಎರಡೂ ಪಕ್ಷದಿಂದ ಬಂತು. ದಕ್ಷಿಣದ ೨೨,೬೦೪ ಜನರಲ್ಲಿ ಸ್ವದೇಶಕ್ಕೆ ಮರಳಿದವರು ೬೨೮. ೨೧,೮೩೯ ಜನರನ್ನು ೧೯೫೪ರ ಜನವರಿಯಲ್ಲಿ ಮೊದಲಿನ ಅಧಿಪತ್ಯಕ್ಕೇ ಒಪ್ಪಿಸಲಾಯಿತು.

ಸೈನಿಕನ ಇಚ್ಛೆಗಾಗಿ ಇಷ್ಟು ಶ್ರಮಿಸಿದ ಈ ಕದನವಿರಾಮ, ಸಾಮಾನ್ಯ ಪ್ರಜೆಯ ಪಾಲಿಗೆ ಜಿಪುಣವಾಯಿತು. ಸ್ಥಳಾಂತರಗೊಂಡ ನಾಗರಿಕರು ರೇಖೆ ದಾಟಿ ಮನೆಗೆ ಹೋಗಬಹುದೆಂಬ ೫೯ನೆಯ ಕಲಮು ಬಹುಮಟ್ಟಿಗೆ ಕಾಗದದಲ್ಲೇ ಉಳಿಯಿತು. ಅಗಲಿದ ಕುಟುಂಬಗಳು ಅಗಲಿಯೇ ಉಳಿದವು. ಯುದ್ಧವನ್ನು ನಿಲ್ಲಿಸಲು ನೆರವಾದ ಭಾರತಕ್ಕೆ ರಾಜಕೀಯ ಸಮ್ಮೇಳನದಲ್ಲೂ ಆಸನವಿರಲಿಲ್ಲ: ೧೯೫೩ರ ಆಗಸ್ಟಿನಲ್ಲಿ ಅದರ ಪರವಾಗಿ ೨೭, ವಿರುದ್ಧವಾಗಿ ೨೧ ಮತ ಬಿದ್ದು, ಮೂರನೆಯ ಎರಡು ಭಾಗ ಸಿಗದೆ ಭಾರತ ಹಿಂದೆ ಸರಿಯಿತು. ಜಿನೀವಾದಲ್ಲಿ ೧೯೫೪ರ ಜೂನ್ ೧೫ರಂದು ಕೊರಿಯದ ಮಾತುಕತೆ ಫಲವಿಲ್ಲದೆ ಮುಗಿಯಿತು.

ತಿಮ್ಮಯ್ಯನವರು ೧೯೫೭ರಿಂದ ೧೯೬೧ರ ವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದು, ೧೯೬೫ರ ಡಿಸೆಂಬರ್ ೧೮ರಂದು, ಸೈಪ್ರಸ್ಸಿನಲ್ಲಿ ಸಂಯುಕ್ತ ರಾಷ್ಟ್ರಗಳ ಶಾಂತಿಪಡೆಯ ನಾಯಕತ್ವ ವಹಿಸಿದ್ದಾಗಲೇ ಕಾಲವಾದರು. ಹಿಂದ್ ನಗರದಿಂದ ಭಾರತದ ಪಡೆಯೊಡನೆ ಹಡಗೇರಿದವರು, ಎರಡು ಕೊರಿಯಗಳನ್ನೂ ಎರಡು ಚೀನಗಳನ್ನೂ ಒಲ್ಲೆನೆಂದ ೮೮ ಮಂದಿ. ಅವರಲ್ಲಿ ಕೆಲವರು ಬ್ರೆಜಿಲ್, ಅರ್ಜೆಂಟೀನಗಳಿಗೆ ಹೋದರು. ಕೆಲವರು ಭಾರತದಲ್ಲಿಯೇ ಮನೆಮಾಡಿ ನಿಂತರು.